ಕುಡಿಯದವನ ಕೆಂಪು ಮುಖ

ಮುಂಬಯಿ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ನಾನು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಆದರೂ ಐವತ್ತು ದಾಟಿದ ಮೇಲೆ ನನ್ನದು ಕುಡುಕನ ಮುಖವಾಯಿತು. ಬಿಸಿ ಸಾರು ಉಂಡರೆ ಕಿವಿಯವರೆಗೆ ಕೆಂಪು, ಲೋಕಲ್ ರೈಲಿನಲ್ಲಿ ಬೆವರಿದರೆ ಎದೆಯೆಲ್ಲ ಕೆಂಪು. ತೊಡೆಯ ಮೇಲೆ ಕಂದು ಚುಕ್ಕೆಗಳೆದ್ದು ವಿಪರೀತ ತುರಿಕೆ.

ವಡಾಲದ ಮನೆಯ ಬಾಗಿಲು ತೆರೆಯುತ್ತಲೇ ಹೆಂಡತಿ ಮೂಗು ಮುಂದೆ ಮಾಡುತ್ತಿದ್ದಳು.

"ಎಲ್ಲಿ, ಬಾಯಿ ಬಿಡಿ."

"ಸಾರು ಉಂಡದ್ದು ಮಾರಾಯ್ತಿ!"

"ಸಾರು ಉಂಡು ಯಾರಾದ್ರೂ ತೂರಾಡ್ತಾರಾ?"

ತೂರಾಡುತ್ತಿದ್ದದ್ದು ನಿಜ. ಆಗಾಗ ತಲೆ ಸುತ್ತುತ್ತಿತ್ತು. ಒಂದು ಮಧ್ಯಾಹ್ನ ಊಟದ ಗಿರಾಕಿಗಳೆದುರೇ ಗಲ್ಲಾದ ಮೇಲೆ ಕವುಚಿ ಬಿದ್ದೆ. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಬಳಿಕ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು.

"ದೋ ಬೀಮಾರಿ ಹೈ, ಕಾಕಾ," ಎಂದರು ಡಾಕ್ಟರಮ್ಮ. ಒಂದು, ವೇಗವಾಗಿ ಏರುವ ರಕ್ತದ ಕ್ಯಾನ್ಸರ್. ಇನ್ನೊಂದು, ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಗಳು ಮಿತಿಮೀರಿ ಬೆಳೆಯುವ ಕಾಯಿಲೆ. ಮುಖ ಕೆಂಪಾಗುತ್ತಿದ್ದುದೂ ತಲೆ ಸುತ್ತುತ್ತಿದ್ದುದೂ ಈ ಕೋಶಗಳಿಂದಲೇ. ಎರಡೂ ಜೊತೆಯಾಗಿ ಬರುವುದು ಬಹಳ ಅಪರೂಪವಂತೆ.

"ಹಾಗಾದ್ರೆ ಇವರು ಕುಡೀತಾ ಇರ್ಲಿಲ್ವಾ ಡಾಕ್ಟ್ರೇ?" ಎಂದು ಹೆಂಡತಿ ತನ್ನ ಹರಕು ಹಿಂದಿಯಲ್ಲಿ ಕೇಳಿದಳು. ಡಾಕ್ಟರಮ್ಮ ಇಲ್ಲ ಎಂದದ್ದೇ ತಡ, ನನ್ನ ತೋಳು ಹಿಡಿದು ಗೊಳೋ ಎಂದು ಅತ್ತಳು. "ಕುಡಿದಿದ್ರೇ ಒಳ್ಳೇದಿತ್ತಲ್ಲ ಮಾರಾಯ್ರೆ!"

ನನಗೂ ಅಳು ಬಂತು, ಜೊತೆಗೇ ನಗುವೂ ಬಂತು.

ಅಪರೂಪದವನೆಂಬ ಸುದ್ದಿ ಹರಡಿ, ಕಲಿಯುವ ಡಾಕ್ಟರುಗಳು ಗುಂಪುಗುಂಪಾಗಿ ಬಂದರು. ಚುಕ್ಕೆಯನ್ನು ಉಜ್ಜಿದರೆ ಅಲ್ಲೇ ದದ್ದು ಏಳುವುದನ್ನು ನೋಡಬೇಕಿತ್ತು ಅವರಿಗೆ. ಒಬ್ಬರು ಉಜ್ಜಿ "ವಾಹ್!" ಎನ್ನುವರು, ಇನ್ನೊಬ್ಬರು ಪಕ್ಕದ ಚುಕ್ಕೆಗೆ ಕೈ ಹಾಕುವರು. ಕೊನೆಗೆ ಹೆಂಡತಿಯೇ ಚಾದರ ಎಳೆದು ಹೊದಿಸಿ, "ಬಸ್, ಶೋ ಖತಮ್!" ಎಂದಳು.

ಕೀಮೋದಲ್ಲಿ ಕೂದಲು ಹೋಯಿತು, ಬಾಯಿ ಹುಣ್ಣಾಯಿತು. ಆ ವಾರಗಳನ್ನು ನೆನೆದರೆ ಈಗಲೂ ನಗು ಬರುವುದಿಲ್ಲ. ಸಾಂತಾಕ್ರೂಜ್‌ನಲ್ಲಿರುವ ಅಕ್ಕನ ಕಾಂಡಕೋಶ, ಅಂದರೆ ಹೊಸ ರಕ್ತ ಹುಟ್ಟಿಸುವ ಕೋಶ, ನನಗೆ ಹೊಂದಿಕೆಯಾಯಿತು. ಕೊಡುವ ಮೊದಲು ಅವಳದು ಒಂದೇ ಪ್ರಶ್ನೆ: "ನನ್ನ ಬುದ್ಧಿಯೂ ಸ್ವಲ್ಪ ಇವನಿಗೆ ಹೋಗ್ತದಾ?"

ಈಗ ಮಧ್ಯಾಹ್ನದವರೆಗೆ ಗಲ್ಲಾದಲ್ಲಿ ಕೂರುತ್ತೇನೆ. ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ. ಮಾಸ್ಟ್ ಕೋಶಗಳು ಒಂದಿಷ್ಟು ಉಳಿದಿವೆ, ಅದಕ್ಕೆ ಮಾತ್ರೆಯಿದೆ. ಅಕ್ಕ ದಿನಾ ಫೋನ್ ಮಾಡುತ್ತಾಳೆ.

"ನನ್ನ ರಕ್ತ ಹೇಗುಂಟು?"

ನಾನು ಹೇಗಿದ್ದೇನೆಂದು ಕೇಳುವುದು ಆಮೇಲೆ.