ಅಪ್ಪನ ಚಾಪೆ
ಭೂಮಿ ಹೋರಾಟದ ಕಾಲ. ಕಾಡಂಚಲ್ಲಿ ಗುಡಿಸಲು ಹಾಕಿದ್ರು ಅಂತ ಅವ್ವನೂ ಸೇರಿ ಊರ ಹೆಂಗಸ್ರನ್ನ ಪೊಲೀಸ್ರು ಹಿಡ್ಕೊಂಡು ಹೋಗಿದ್ರು. ತಿಂಗಳಾದ್ಮೇಲೆ ಬಿಟ್ರು. ಅವ್ವ ಕಾಟ್ಟಿಕುಳಂನಲ್ಲಿ ಬಸ್ಸಿಳಿದು ಮನೆಗೆ ನಡ್ಕೊಂಡೇ ಬಂದ್ಲು.

ನಮ್ಮನೇಲಿ ಗಂಡಸ್ರು ಉಂಡು ಎದ್ಮೇಲೇನೇ ಹೆಂಗಸ್ರು ಒಲೆ ಹತ್ರ ಕೂತು ಉಣ್ಣೋದು. ಅವತ್ತು ಅಪ್ಪ ತಾನೇ ಗಂಜಿ ಬೇಯ್ಸಿ, ಅವ್ವನ್ನ ತನ್ನ ಚಾಪೆ ಮೇಲೆ ಕೂರಿಸಿ, ಮುಂದೆ ತಟ್ಟೆ ಇಟ್ಟ.

"ಮೊದ್ಲು ನೀನು ಉಣ್ಣು."

ಅವ್ವ ಕೈ ಹಾಕ್ಲಿಲ್ಲ.

"ಪೊಲೀಸ್ರ ಮುಂದೆ ಕಾಲು ಚಾಚ್ಕೊಂಡು ಕೂತಿದ್ಯಂತೆ, ಈಗೇನು ನಾಚಿಕೆ?" ಅಂದ ಅಪ್ಪ.

"ಅವ್ರು ಪೊಲೀಸ್ರು. ಇದು ನಿನ್ನ ಚಾಪೆ."

ತಟ್ಟೆ ಎತ್ಕೊಂಡು ಒಲೆ ಹತ್ರ ಹೋದ್ಲು. ಅಪ್ಪನೂ ತನ್ನ ತಟ್ಟೆ ತಂದು ಪಕ್ಕದಲ್ಲೇ ನೆಲದ ಮೇಲೆ ಕೂತ. ಅವನು ಒಂದು ತುತ್ತು ನುಂಗಿದ್ಮೇಲೇನೇ ಅವ್ವ ಉಂಡಿದ್ದು.