ಸೋಮವಾರದ ಆಟ

ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆ ಒರೆಸುವಾಗ ಹಳೆಯ ವಿಡಿಯೋ ಗೇಮಿನ ಎರಡು ರಿಮೋಟುಗಳು ಸಿಕ್ಕವು. ವೈರುಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಒಂದರ ಗುಂಡಿಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕೂತಿತ್ತು. ಧೂಳೆಂದುಕೊಂಡು ಒದ್ದೆ ಬಟ್ಟೆ ಹತ್ತಿರ ಒಯ್ದವಳು ಹಾಗೇ ನಿಲ್ಲಿಸಿದೆ. ಅದು ವಿಭೂತಿ. ನಮ್ಮತ್ತೆಯ ಬೆರಳಿನದು.

ಅತ್ತೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರ ಸೀರೆಗಳನ್ನು ನಾದಿನಿಯರು ಹಂಚಿಕೊಂಡರು, ಮಂಚ ಅಟ್ಟ ಸೇರಿತು. ಅದೆಲ್ಲ ನಡೆಯುವಾಗ ನಾನು ಎಲ್ಲರಿಗೂ ಚಹಾ ಮಾಡಿಕೊಡುತ್ತ ಗಟ್ಟಿಯಾಗಿಯೇ ಓಡಾಡಿದೆ. ಈ ರಿಮೋಟಿನ ಮುಂದೆ ಮಾತ್ರ ನೆಲಕ್ಕೆ ಕೂತುಬಿಟ್ಟೆ. ಅತ್ತೆ ಸೊಸೆ ಕೂತು ವಿಡಿಯೋ ಗೇಮು ಆಡುತ್ತಿದ್ದರು ಎಂದರೆ ನಿಮಗೆ ನಗು ಬರಬಹುದು. ನಗಿ. ನಮ್ಮ ಬೀದಿಯವರೂ ನಕ್ಕಿದ್ದಾರೆ.

ನಾನು ಬಿಳಿಚೋಡಿನವಳು. ಮದುವೆಯಾಗಿ ನ್ಯಾಮತಿಗೆ ಬಂದ ಹೊಸದರಲ್ಲಿ ನನಗೂ ಅತ್ತೆಗೂ ಮಾತಿರಲಿಲ್ಲ. ಜಗಳವೇನಲ್ಲ. "ಉಪ್ಪು ಹಾಕಿದ್ಯಾ?" "ಹಾಕೀನಿ ಅತ್ತೆ." ಅಲ್ಲಿಗೆ ಮುಗಿಯುತ್ತಿತ್ತು. ಗಂಡ ಬೆಳಿಗ್ಗೆ ಹೊನ್ನಾಳಿಯ ಗೊಬ್ಬರದ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ನಾವಿಬ್ಬರೇ ಎದುರುಬದುರು ಗೋಡೆಗೆ ಒರಗಿ ಕೂತು ಫ್ಯಾನು ನೋಡುತ್ತಿದ್ದೆವು. ಆ ವರ್ಷ ಮೈದುನ ದಾವಣಗೆರೆಯ ಹಾಸ್ಟೆಲಿಗೆ ಹೋಗುವಾಗ ತನ್ನ ವಿಡಿಯೋ ಗೇಮು ಬಿಟ್ಟುಹೋದ. ಸಾವಿರಾರು ಆಟಗಳಿವೆ ಎಂದು ಕ್ಯಾಸೆಟ್ಟಿನ ಮೇಲೆ ಬರೆದಿತ್ತು. ಒಳಗಿದ್ದದ್ದು ನಾಲ್ಕೈದೇ, ಅವೇ ಬೇರೆ ಬೇರೆ ಹೆಸರಲ್ಲಿ ತಿರುಗಿ ತಿರುಗಿ ಬರುತ್ತಿದ್ದವು.

ಒಂದು ದಿನ ಬೇಸರಕ್ಕೆ ಅದನ್ನು ಹಚ್ಚಿದೆ. ಪರದೆ ತುಂಬ ಗೆರೆಗಳು ಬಂದವು. ಅತ್ತೆ ಎದ್ದು ಬಂದು ಕ್ಯಾಸೆಟ್ಟು ಕಿತ್ತು, ಸೌದೆ ಒಲೆ ಊದಿದ ಹಾಗೆ ಕೆನ್ನೆ ಉಬ್ಬಿಸಿ ಊದಿದರು. "ಅವನು ಹಿಂಗೇ ಮಾಡ್ತಿದ್ದ. ಈಗ ಹಾಕು." ಚಿತ್ರ ಬಂತು. ಹೋಗಿ ಕೂರುತ್ತಾರೇನೋ ಅಂದುಕೊಂಡರೆ ಎರಡನೆಯ ರಿಮೋಟು ಎತ್ತಿಕೊಂಡರು. "ಇದು ಯಾರ್ದು? ನೀಲಿ ಅಂಗಿಯವ್ನಾ? ನನಗಿರ್ಲಿ ಬಿಡು."

ಆ ಆಟ ನೀವೂ ಆಡಿರಬಹುದು, ಇಲ್ಲವೇ ಅಂಥದ್ದೇ ಇನ್ನೊಂದನ್ನು. ಎಡದಿಂದ ಬಲಕ್ಕೆ ಉದ್ದಕ್ಕೂ ಒಂದೇ ದಾರಿ. ಕೆಂಪು ಅಂಗಿಯವನೊಬ್ಬ, ನೀಲಿ ಅಂಗಿಯವನೊಬ್ಬ, ಕೈಯಲ್ಲಿ ಬಂದೂಕು. ಎದುರಿಗೆ ಹುಳಗಳು, ಹಕ್ಕಿಗಳು, ನಡುನಡುವೆ ಹೊಂಡಗಳು. ನೀವು ನಡೆದಂತೆ ಬೆಟ್ಟ, ಮೋಡ, ಗಿಡ ಎಲ್ಲ ಹಿಂದಕ್ಕೆ ಸರಿಯುತ್ತವೆ. ಸರಿದದ್ದು ಸರಿಯಿತು, ತಿರುಗಿ ಹೋಗುವಂತಿಲ್ಲ. ಇಬ್ಬರು ಆಡುವಾಗ ಇನ್ನೊಂದು ಕಟ್ಟಳೆ: ಒಬ್ಬರು ಹಿಂದೆ ಉಳಿದರೆ ಪರದೆ ಅಲ್ಲೇ ನಿಲ್ಲುತ್ತಿತ್ತು. ಮುಂದಿದ್ದವರು ಬಲಗಡೆಯ ಅಂಚಿಗೆ ತಾಗಿಕೊಂಡು ನಿಂತಲ್ಲೇ ಕಾಲು ಬಡಿಯುತ್ತಿರಬೇಕು.

ಅಲ್ಲಿ ಕಾಲು ಬಡಿಯುತ್ತಿದ್ದವಳು ನಾನು. ಅತ್ತೆ ಗುಂಡಿ ಒತ್ತುವ ಬದಲು ರಿಮೋಟನ್ನೇ ಮೇಲೆತ್ತಿ, ಜೊತೆಗೆ ತಾವೂ ಅರ್ಧ ಎದ್ದು, "ಹಾರಪ್ಪಾ, ಹಾರು!" ಅನ್ನುತ್ತಿದ್ದರು. ಅವನು ಹೊಂಡಕ್ಕೆ ಬೀಳುತ್ತಿದ್ದ.

"ನೀ ಹೋಗು ಮುಂದೆ, ನಾ ಬರ್ತೀನಿ."

"ಹೋಗಾಕೆ ಆಗಲ್ಲ ಅತ್ತೆ. ನೀವು ಬರೋತನಕ ಅದು ಬಿಡಲ್ಲ."

"ಅಯ್ಯೋ, ನಿಮ್ಮಪ್ಪಗಿಂತ ಕಟ್ಟುನಿಟ್ಟು ಐತಲ್ಲೇ ಇದು!"

ನಮ್ಮಪ್ಪನನ್ನು ಹಂಗಿಸಿದ್ದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಆ ಮನೆಯಲ್ಲಿ ನಾನು ಬಾಯಿಬಿಟ್ಟು ನಕ್ಕದ್ದು ಅವತ್ತೇ ಮೊದಲು. ಒಲೆಯ ಮೇಲಿದ್ದ ಹಾಲು ಉಕ್ಕಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಅಡುಗೆ ಮುಗಿಸಿ ನಾನು ಬರುವಷ್ಟರಲ್ಲಿ ಅತ್ತೆ ಲಿಂಗಪೂಜೆಯಿಂದ ಎದ್ದು, ಕೈ ಕೂಡ ತೊಳೆಯದೆ ಟಿವಿ ಮುಂದೆ ಕೂತಿರುತ್ತಿದ್ದರು. ಕರೆಂಟು ಹೋದರೆ ಆಟ ಮತ್ತೆ ಮೊದಲಿನಿಂದ. "ಹೋಗ್ಲಿ ಬಿಡು, ಬಂದಾಗ ಹೋಗೋಣ" ಅನ್ನುವರು, ಬಸ್ಸು ತಪ್ಪಿದವರ ಹಾಗೆ. ಸೋಮವಾರ ಬಂದರೆ ಮಾತ್ರ ನನಗೆ ಪೀಕಲಾಟ. ಆ ದಿನ ಅವರು ಯಾವ ಹುಳಕ್ಕೂ ಗುಂಡು ಹಾರಿಸುತ್ತಿರಲಿಲ್ಲ, ನನಗೂ ಬಿಡುತ್ತಿರಲಿಲ್ಲ.

"ಸ್ವಾಮಿ ವಾರ, ಹೊಡೀಬ್ಯಾಡ. ದಾಟ್ಕೊಂಡು ಬಾ."

"ಅದಕ್ಕೆ ಜೀವ ಇಲ್ಲ ಅತ್ತೆ, ಬರೀ ಚಿತ್ರ."

"ನಿನ್ನ ಕೆಂಪಂಗಿಯವನಿಗೆ ಐತೇನು? ಅವನು ಸತ್ರೆ ಅಷ್ಟು ಬಾಯಿ ಬಡ್ಕೊಂತೀಯ."

ಹುಳ ಹತ್ತಿರ ಬರುವತನಕ ಕಾದು, ಹಾರಿ, ಅದನ್ನು ಕೆಳಗೆ ಹೋಗಲು ಬಿಡಬೇಕು. ಹೋದ ಹುಳ ನಾವು ಬಂದ ದಾರಿಯಲ್ಲೇ ಎಡಕ್ಕೆ ಸಾಗಿ ಅಂಚಿನಲ್ಲಿ ಮರೆಯಾಗುತ್ತಿತ್ತು. ಅತ್ತೆ ಅದನ್ನು ಕತ್ತು ಹೊರಳಿಸಿ ನೋಡುತ್ತಿದ್ದರು, ಟಿವಿಯ ಪಕ್ಕದ ಗೋಡೆಯ ಮೇಲೆ ಮುಂದುವರಿದೀತು ಎಂಬಂತೆ.

"ನಮಗೆ ಹಿಂದಕ್ಕೆ ಹೋಗಾಕೆ ಬಿಡಲ್ಲ, ಅದು ನೋಡು ಹೆಂಗೆ ಹೊಂಟೈತೆ. ಉಬ್ರಾಣಿಗೇ ಹೊಂಟೈತೆ."

ಚನ್ನಗಿರಿ ಕಡೆಯ ಉಬ್ರಾಣಿ ಅತ್ತೆಯ ತವರು. ಅವರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ತಾಯಿ ಇಲ್ಲದ ಮನೆ, ಹಬ್ಬಕ್ಕೂ ಕರೆಯುವವರು ಇರಲಿಲ್ಲ ಎಂದು ಆಮೇಲೆ ತಾವಾಗಿಯೇ ಹೇಳಿದರು, ಕಣ್ಣು ಪರದೆಯ ಮೇಲೆ ಇಟ್ಟುಕೊಂಡೇ. ನಾನೂ ಬಿಳಿಚೋಡಿನ ಕುರಿ, ಗಾಳಿ, ನಮ್ಮವ್ವನ ಸುದ್ದಿ ಹೇಳಿದೆ. ಮುಖ ನೋಡಿಕೊಂಡು ಕೂತಿದ್ದರೆ ಇಬ್ಬರೂ ಹೇಳುತ್ತಿರಲಿಲ್ಲ.

ಮಗಳು ಸಿಂಧು ಶಾಲೆಗೆ ಸೇರುವ ಹೊತ್ತಿಗೆ ಆ ಯಂತ್ರ ಸುಟ್ಟುಹೋಯಿತು. ರಿಪೇರಿಯವರು ಕೈಚೆಲ್ಲಿದರು. ಅತ್ತೆ ರಿಮೋಟುಗಳನ್ನು ಮಾತ್ರ ಬಿಸಾಡಲು ಬಿಡಲಿಲ್ಲ. ಅಷ್ಟರಲ್ಲಿ ನಮಗೆ ಮಾತು ಅಭ್ಯಾಸವಾಗಿತ್ತು. ಕೊನೆಕೊನೆಗೆ ಅವರಿಗೆ ಬಚ್ಚಲಿಗೆ ನಡೆಯುವುದೂ ಕಷ್ಟವಾದಾಗ ನಾನು ಮುಂದೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಗೋಡೆ ಹಿಡಿದು ಬರುತ್ತ, "ಯಾಕೆ ನಿಂತೆ? ನಾ ಬರೋತನಕ ಅದು ಬಿಡಲ್ಲೇನು?" ಅನ್ನುವರು. ಕಡೆಯ ದಿನ ಮಾತ್ರ ನನಗಾಗಿ ನಿಲ್ಲಲಿಲ್ಲ. ನಾನು ಗಂಜಿ ತರಲು ಒಳಗೆ ಹೋಗಿದ್ದೆ.

ಆಮೇಲೆ ಮನೆ ಮತ್ತೆ ಮೊದಲಿನಂತಾಯಿತು. ಸಿಂಧು ಶಿವಮೊಗ್ಗದಲ್ಲಿ ಓದುತ್ತಾಳೆ. ರಜಕ್ಕೆ ಬಂದರೆ ಅವಳೊಂದಿಗೂ ನನ್ನ ಮಾತು ಉಪ್ಪು ಖಾರಕ್ಕೇ ಮುಗಿಯುತ್ತಿತ್ತು. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಆಟಕ್ಕೆ ಕರೆದಾಗಲೆಲ್ಲ ನಾನು ತಲೆನೋವು ಅಂದು ಒಳಗೆ ಹೋಗುತ್ತಿದ್ದೆ. ಇಷ್ಟು ತಿಂಗಳಲ್ಲಿ ಅವಳು ಎಷ್ಟು ಸಲ ಬಾಗಿಲು ತಟ್ಟಿದಳೋ, ನಾನೇ ತೆರೆಯಲಿಲ್ಲ.

ಇವತ್ತು ಅವಳು ಬಂದು ನನ್ನ ಪಕ್ಕ ನೆಲಕ್ಕೆ ಕೂತಳು. ರಿಮೋಟು ನೋಡಿದಳು, ವಿಭೂತಿ ನೋಡಿದಳು. "ಒರೆಸ್ಬೇಡ ಅಮ್ಮ," ಅಂದಳು. ಆಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಅದರ ರಿಮೋಟೊಂದನ್ನು ನನ್ನ ಕೈಗಿಟ್ಟು, "ಒಂದೇ ಒಂದ್ಸಲ ಆಡೋಣ ಬಾ."

ಈಗಿನ ಆಟಗಳಲ್ಲಿ ಎತ್ತ ಬೇಕಾದರೂ ತಿರುಗಬಹುದಂತೆ. ಮೊದಲು ಅಂಥದ್ದೊಂದು ತೋರಿಸಿದಳು. ನಮ್ಮ ಹಳೆಯ ಆಟದಲ್ಲಿ ಬೆಟ್ಟದ ಹಿಂದೆ ಏನೈತೆ ಎಂದು ಅತ್ತೆ ಕೇಳುತ್ತಿದ್ದರು. ನಾನು ಹೋಗಿ ನೋಡಿ ಬಂದೆ, ಅಲ್ಲಿ ಇನ್ನೊಂದು ಬೆಟ್ಟವಿತ್ತು. ಹಳೇ ಥರದ್ದು ಇಲ್ಲವಾ ಎಂದು ಕೇಳಿದೆ. "ಐತೆ. ಈಗ ಬೇಕಂತಲೇ ಹಂಗೆ ಮಾಡ್ತಾರೆ," ಎಂದು ಬೇರೆಯದನ್ನು ಹಾಕಿದಳು. ಅವೇ ಚೌಕಚೌಕ ಚಿತ್ರಗಳು, ಅದೇ ಒಂದೇ ದಾರಿ. ಆದರೆ ಇದು ಯಾರಿಗೂ ನಿಲ್ಲುವುದಿಲ್ಲ. ಹಿಂದೆ ಬಿದ್ದವರನ್ನು ಎತ್ತಿ ಮುಂದಿದ್ದವರ ಪಕ್ಕಕ್ಕೆ ಹಾಕಿಬಿಡುತ್ತದೆ. ನನ್ನನ್ನು ಹಾಗೆ ಎತ್ತಿ ಎತ್ತಿ ಹಾಕಿತು, ಸಂತೆಯಲ್ಲಿ ಕುಂಬಳಕಾಯಿ ಎಸೆದ ಹಾಗೆ.

ಎದುರಿಗೆ ಹುಳವೊಂದು ಬಂತು.

"ಅಮ್ಮಾ ಹೊಡಿ! ಹೊಡಿ, ಯಾಕೆ ಸುಮ್ನಿದ್ದೀಯ?"

"ಇವತ್ತು ಸೋಮವಾರ."

ಸಿಂಧು ನನ್ನ ಕಡೆ ತಿರುಗಿದಳು. ಅಜ್ಜಿಯ ಸೋಮವಾರದ ಕಥೆ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೇ ಹೇಳಿರಲಿಲ್ಲ. ಪರದೆ ನೋಡುತ್ತ ಹೇಳತೊಡಗಿದೆ. ಮುಂದೆ ಹೋಗಿದ್ದ ಅವಳು ನಾನು ಪಕ್ಕಕ್ಕೆ ಬರುವತನಕ ಅಲ್ಲೇ ನಿಂತಳು. ಆಟ ಅವಳನ್ನು ನಿಲ್ಲಿಸಿದ್ದಲ್ಲ, ಅವಳೇ ನಿಂತದ್ದು. ನಾನು ರಿಮೋಟನ್ನು ಮೇಲೆತ್ತಿ, ಜೊತೆಗೆ ಅರ್ಧ ಎದ್ದು, ಹಾರಿದೆ. ಅವಳೂ ಹಾರಿದಳು. ಹುಳ ನಮ್ಮಿಬ್ಬರ ಕೆಳಗೆ ಹಾದು, ತನ್ನ ಪಾಡಿಗೆ ಎಡಕ್ಕೆ ಸಾಗಿತು.

"ಎಲ್ಲಿಗಮ್ಮ ಹೊಂಟಿದ್ದು ಅದು?"

"ಉಬ್ರಾಣಿಗೆ," ಅಂದೆ.