ಹುಂಜ ಬೇಡ, ತತ್ತಿ ಇರಲಿ

ನೆರೆಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಬಂದದ್ದು ಶೇಂಗಾ ಚಟ್ನಿಯೇ ಇರಲಿ, ಹಬ್ಬದ ಕರ್ಚಿಕಾಯಿಯೇ ಇರಲಿ, ಡಬ್ಬಿಯನ್ನು ತೊಳೆದು, ಒರೆಸಿ, ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ಕೇಶ್ವಾಪುರದ ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳ ಸ್ನೇಹ ಇಂಥ ಡಬ್ಬಿಗಳ ಸಂಚಾರದಿಂದಲೇ ಬದುಕಿಕೊಂಡಿದೆ. ಈ ಹೊತ್ತು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿರುವ ಸ್ಟೀಲಿನ ಡಬ್ಬಿಯೂ ಆ ಪೈಕಿಯದೇ. ಅದರ ಮುಚ್ಚಳದ ಮೇಲೆ ನೆರೆಮನೆಯ ಮಾಲತಿ ಕಾಕು ಅವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯಲಾಗಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರುತ್ತದೆ. ಡಬ್ಬಿಯ ಮೇಲೆ ಸಿಟ್ಟಾಗುವ ನಿವೃತ್ತ ಪ್ರಾಧ್ಯಾಪಕಿಯನ್ನು ನೀವು ಈ ಮೊದಲು ಕಂಡಿರಲಿಕ್ಕಿಲ್ಲ. ಇರಲಿ, ಕೂತು ಕೇಳಿ.

ನಿವೃತ್ತರಾದ ಮೇಲೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಯೋಗಾಸನಕ್ಕೆ, ಕೆಲವರು ತೀರ್ಥಯಾತ್ರೆಗೆ, ಇನ್ನು ಕೆಲವರು ಸೊಸೆಯಂದಿರ ದೋಷಾನ್ವೇಷಣೆಗೆ ತಮ್ಮನ್ನು ಅರ್ಪಿಸಿಕೊಂಡರು. ನಾನು ಹಿತ್ತಲಿಗೆ ಬಲೆ ಕಟ್ಟಿಸಿ ಕಡಕನಾಥ ಕೋಳಿ ಸಾಕಿದೆ. ಕಡಕನಾಥವೆಂದರೆ ಕರಿಯ ಕೋಳಿ. ಅರೆಮನಸ್ಸಿನ ಕಪ್ಪಲ್ಲ, ಗರಿ, ಜುಟ್ಟು, ಕಾಲು, ನಾಲಿಗೆಗಳಿಂದ ಹಿಡಿದು ಒಳಗಿನ ಎಲುಬಿನವರೆಗೆ ನಿಷ್ಠೆಯಿಂದ ಕಪ್ಪು. ಬಿಸಿಲಿಗೆ ಬಂದಾಗ ಆ ಕಪ್ಪಿನ ಮೇಲೆ ಹಸಿರಿನ ಒಂದು ಹೊಳಪು ಹಾಯುತ್ತದೆ. ಅದನ್ನು ನೋಡುತ್ತ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದು ನನಗೆ ಗೊತ್ತಾಗುವುದಿಲ್ಲ. ತತ್ತಿ ಮಾತ್ರ ಕೆನೆಬಣ್ಣದ್ದು. ನೋಡಲು ಬಂದವರಿಗೆ ಇದು ದೊಡ್ಡ ವಿಶ್ವಾಸಭಂಗ. ಕೋಳಿ ಇಷ್ಟು ಕಪ್ಪಿದ್ದು ತತ್ತಿ ಬೆಳ್ಳಗಿದ್ದರೆ ನಾನೇ ಎಲ್ಲೋ ಕಲಬೆರಕೆ ಮಾಡಿದ್ದೇನೆಂದು ಕೆಲವರು ನನ್ನ ಮುಖ ನೋಡುತ್ತಾರೆ. ಒಬ್ಬ ಮಹಾಶಯರಂತೂ ಕಾರು ನಿಲ್ಲಿಸಿ, ಹೊಸ ಮನೆಗೆ ಅಮಾವಾಸ್ಯೆಯ ದಿನ ದೃಷ್ಟಿ ತೆಗೆಯಲು ಒಂದು ಕರಿಕೋಳಿ ಬೇಕೆಂದು ಕೇಳಿದರು. ಅವರಿಗೆ ಗೇಟಿನಲ್ಲೇ ನೀರು ಕೊಟ್ಟು ಕಳಿಸಿದೆ, ಕೋಳಿ ಕೊಡಲಿಲ್ಲ.

ಈ ಹೇಂಟೆಗಳ ಒಂದು ದುರ್ಗುಣವನ್ನೂ ಹೇಳಿಬಿಡಬೇಕು. ಇವು ತತ್ತಿ ಇಡುತ್ತವೆ, ಕಾವಿಗೆ ಕೂರುವುದಿಲ್ಲ. ಹೆತ್ತದ್ದಾಯಿತು, ಮುಂದಿನದು ಸರಕಾರದ ಹೊಣೆ ಎಂಬಂತೆ ಎದ್ದು ಹೋಗುತ್ತವೆ. ಅದಕ್ಕಾಗಿ ಉಪ್ಪಿನಬೆಟಗೇರಿಯಿಂದ ಒಂದು ಕೆಂಪು ಜವಾರಿ ಹೇಂಟೆಯನ್ನು ತಂದಿದ್ದೇನೆ. ಆಕೆ ಯಾರ ತತ್ತಿಯೆಂದು ಕೇಳುವವಳಲ್ಲ. ಬುಟ್ಟಿಯಲ್ಲಿ ಹುಲ್ಲು ಹಾಸಿ ತತ್ತಿ ಇಟ್ಟರೆ ಸಾಕು, ಕೂತುಬಿಡುತ್ತಾಳೆ. ಮರಿಯೊಡೆದ ಮೇಲೆ ಆ ಕರಿಯ ಮರಿಗಳನ್ನು ತನ್ನ ಕೆಂಪು ರೆಕ್ಕೆಯ ಕೆಳಗೆ ಹಾಕಿಕೊಂಡು, ನಾನು ಹತ್ತಿರ ಹೋದರೆ ನನ್ನನ್ನೇ ಕುಕ್ಕುತ್ತಾಳೆ. ಮರಿಗಳು ಬಲಿತಂತೆ ನನ್ನ ಪರೀಕ್ಷಾಕಾರ್ಯ ಸುರು. ಒಂದೊಂದನ್ನೇ ಹಿಡಿದು, ಕೊಕ್ಕು ಬಿಡಿಸಿ ನಾಲಿಗೆ ನೋಡುವುದು, ಕಾಲಿನ ಬಣ್ಣ ನೋಡುವುದು. ಬಿಳಿಛಾಯೆ ಕಂಡರೆ ಆ ಮರಿಯನ್ನು ತಳಿಗೆ ಬಿಡುವಂತಿಲ್ಲ. ಇಡೀ ನೌಕರಿಯುದ್ದಕ್ಕೂ ತರಗತಿಯಲ್ಲಿ ಸಮಾನತೆಯ ತತ್ತ್ವವನ್ನು ಗಂಟಲು ಬತ್ತುವವರೆಗೆ ಬೋಧಿಸಿದ ನಾನು ಈಗ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಶುದ್ಧಾಶುದ್ಧದ ವಿಚಾರಣೆ ನಡೆಸುತ್ತೇನೆ. ಪಡಸಾಲೆಯ ಪಟದಲ್ಲಿರುವ ಬುದ್ಧ ಕಣ್ಣು ಅರ್ಧ ಮುಚ್ಚಿಕೊಂಡಿರುವುದು ಇದಕ್ಕೇ ಇರಬೇಕೆಂದು ನನಗೆ ಅನುಮಾನ.

ತಳಿಯ ಇಷ್ಟೆಲ್ಲ ಭಾರ ಹೊತ್ತವನು ಒಬ್ಬನೇ ಹುಂಜ. ಅವನ ಠೀವಿಗೆ ತಕ್ಕಂತೆ ಸುಭೇದಾರ ಎಂದು ಹೆಸರಿಟ್ಟಿದ್ದೇನೆ. ಬೆಳಕು ಹರಿಯುವ ಮೊದಲು ನುಗ್ಗೆಗಿಡದ ಕೆಳಗೆ ನಿಂತು ಕೂಗುತ್ತಾನೆ. ಹುಂಜನಾದವನು ಕೂಗದೆ ಪ್ರಬಂಧ ಬರೆಯಲು ಬರುತ್ತದೆಯೇ? ಆದರೆ ಗೋಡೆಯಾಚೆಗಿನ ಗುರುನಾಥ ಕಾಕಾ ಅವರಿಗೆ ಅವನ ಕೂಗು ಸಹನವಾಗುವುದಿಲ್ಲ. ಇವರು ಮಾಲತಿ ಕಾಕು ಅವರ ಯಜಮಾನರು, ನಮ್ಮ ಓಣಿಯ ಸಂಘದ ಅಧ್ಯಕ್ಷರು, ಸಂಗೀತದ ಮನೆತನದವರು. ಕಿವಿ ಮಂದವಾಗಿ ಬಹಳ ಕಾಲವಾಗಿದೆ. ಬಾಜೂ ಕೂತು ಮಾತಾಡಿದರೂ 'ಏನಂದ್ರಿ?' ಎನ್ನುತ್ತಾರೆ, ತಾವು ಮಾತಾಡಿದರೆ ಓಣಿಯ ತುದಿಯ ಹಾಲಿನ ಅಂಗಡಿಗೂ ಕೇಳುತ್ತದೆ. ಬೆಳಗಿನ ಜಾವ ವಿದ್ಯುತ್ ತಂಬೂರಿಯನ್ನು ತಮ್ಮ ಕಿವಿಗೆ ತಾಗುವಷ್ಟು ಏರಿಸಿ ಇಡುತ್ತಾರೆ. ನನ್ನ ಕಿಟಕಿ ಗಾಜು ಅದರ ಷಡ್ಜಕ್ಕೆ ನಡುಗುತ್ತದೆ. ಅಂಥ ಕಿವಿಗೆ ಸುಭೇದಾರನೊಬ್ಬ ಮಾತ್ರ ಸ್ಪಷ್ಟವಾಗಿ ಕೇಳುತ್ತಾನಂತೆ. 'ಯಾವ ಸುರಕ್ಕೂ ಹತ್ತಂಗಿಲ್ಲರಿ ಅದು' ಎಂಬುದು ಅವರ ಆಕ್ಷೇಪ.

ಇನ್ನು ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಕಾಕಾ ಒಮ್ಮೆ ಜ್ವರದಲ್ಲಿ ಮಲಗಿ ಎದ್ದ ಮೇಲೆ ಬಹಳ ಸೊರಗಿದ್ದರು. ದಿನಾ ತತ್ತಿ ತಿನ್ನಬೇಕೆಂದು ಡಾಕ್ಟರು ಹೇಳಿದರು. ಕಾಕು ಒಂದು ಮಧ್ಯಾಹ್ನ ಹಿತ್ತಲ ಗೋಡೆಯ ಹತ್ತಿರ ಬಂದು, ಪಿಸುದನಿಯಲ್ಲಿ ಕೇಳಿ, ಚಕ್ಕುಲಿ ತುಂಬಿದ ಈ ಡಬ್ಬಿಯನ್ನು ಗೋಡೆಯ ಮೇಲಿಟ್ಟರು. ನಾನು ಚಕ್ಕುಲಿ ತೆಗೆದು ತತ್ತಿ ತುಂಬಿ ಅಲ್ಲೇ ಇಟ್ಟೆ. ಅಂದಿನಿಂದ ಡಬ್ಬಿ ಗೋಡೆಯ ಮೇಲಿಂದಲೇ ಹೋಗಿ ಬಂದು ಮಾಡಿತು, ಒಮ್ಮೆಯೂ ಗೇಟಿನಿಂದ ಅಲ್ಲ. ಅವರ ಬಚ್ಚಲಿನ ಹಿಂದೆ ಇದಕ್ಕಾಗಿಯೇ ಬೇರೆ ಒಲೆ, ಬೇರೆ ಪಾತ್ರೆ. ತತ್ತಿಯ ಸಿಪ್ಪೆ ಅವರ ಮನೆಯ ಕಸದಲ್ಲಿ ಕಂಡರೆ ಕಷ್ಟವಲ್ಲವೇ. ಅದೂ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ನನ್ನ ಕಡೆಗೇ ಬರುತ್ತಿತ್ತು, 'ಗುಲಾಬಿ ಗಿಡಕ್ಕ ಛಲೋರಿ' ಎಂಬ ಉಪದೇಶದೊಂದಿಗೆ. ನಾನು ನಕ್ಕು ಗಿಡಕ್ಕೆ ಹಾಕುತ್ತಿದ್ದೆ. ಆಗ ನಗು ಬರುತ್ತಿತ್ತು.

ಹೋದ ಭಾನುವಾರಕ್ಕೂ ಹಿಂದಿನ ಭಾನುವಾರ ಸಂಘದ ಸಭೆ ಕಾಕಾ ಅವರ ಪಡಸಾಲೆಯಲ್ಲೇ ಸೇರಿತು. ಕೋಳಿ ಕೇಳಿ ಖಾರ ಅರೆಯುವ ಪದ್ಧತಿ ಇಲ್ಲವಾದ್ದರಿಂದ ನನ್ನ ಅಭಿಪ್ರಾಯವನ್ನು ಕೊನೆಗೆ, ಚಹಾ ಮುಗಿದ ಮೇಲೆ ಕೇಳಿದರು. ಅಷ್ಟರಲ್ಲಿ ನಿರ್ಣಯವಾಗಿತ್ತು: ಹೇಂಟೆಗಳು ಇರಬಹುದು, ಹುಂಜ ಮುಂದಿನ ಭಾನುವಾರದೊಳಗೆ ಹೋಗಬೇಕು. ಸುಸಂಸ್ಕೃತರ ಓಣಿಯಲ್ಲಿ ಇದೆಲ್ಲ ಶೋಭಿಸುವುದಿಲ್ಲ ಎಂದು ಕಾಕಾ ಓಣಿಗೆಲ್ಲ ಕೇಳುವಂತೆ ಹೇಳಿದರು. ಹುಂಜ ಹೋದರೆ ಮರಿ ಇಲ್ಲ, ಮರಿ ಇಲ್ಲದಿದ್ದರೆ ಈ ಹೇಂಟೆಗಳು ಮುದಿಯಾಗುವುದರೊಂದಿಗೆ ನನ್ನ ಹಿತ್ತಲಿನ ತಳಿಯೇ ಮುಗಿಯಿತು ಎಂದೆ. ಸಭೆ ಎದ್ದಿತು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮಾಲತಿ ಕಾಕು ಹಿಂದೆ ಬಂದು ಸಮಾಧಾನ ಮಾಡಿದರು.

'ಸಿಟ್ಟಾಗಬ್ಯಾಡ್ರಿ ಅಕ್ಕೋರ. ಹುಂಜಾ ಇಲ್ಲದ ತತ್ತ್ಯಾಗ ಜೀವ ಇರೂದಿಲ್ಲಂತ. ಅದು ಹಾಲಿದ್ಧಂಗ. ನಮಗೂ ಮನಸಿಗೆ ಹಗುರ ಆಗ್ತದ. ನಿಮಗೇನು, ಇದೆಲ್ಲಾ ರೂಢಿ ಇರ್ತದ.'

ಆಹಾ, ಆಗ ಅರ್ಥವಾಯಿತು. ಕಾಕಾ ಅವರ ನಿದ್ರೆಯೂ ಅಲ್ಲ, ಸುಭೇದಾರನ ಬೇಸೂರೂ ಅಲ್ಲ. ತತ್ತಿಯನ್ನು ಬಿಡಲಾಗದೆ, ತಿಂದ ಪಾಪವನ್ನೂ ಹೊರಲಾಗದೆ, ಆ ಪಾಪವನ್ನು ನನ್ನ ಹುಂಜನ ತಲೆಗೆ ಕಟ್ಟಿ ಊರು ಬಿಡಿಸುವ ಉಪಾಯ. ಇದಕ್ಕಾದರೂ ನಗಬಹುದಿತ್ತು. ಆದರೆ ಆ ಕೊನೆಯ ಮಾತು, 'ನಿಮಗೆ ರೂಢಿ', ಅದು ನನ್ನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯಿತು.

ಯಾಕೆಂದರೆ ನನಗೆ ರೂಢಿ ಇರಲಿಲ್ಲ. ನನ್ನ ತಂದೆ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು; ನಾವು ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಒಮ್ಮೆ ಅವ್ವ ತವರಿನಿಂದ ಬುಟ್ಟಿಯಲ್ಲಿ ಎರಡು ಕೋಳಿಮರಿ ತಂದಿದ್ದಳು. ನಾನು ಅವಕ್ಕೆ ಜೋಳದ ನುಚ್ಚು ಹಾಕುತ್ತ ಕೂತಿದ್ದೆ. ಕಚೇರಿಯಿಂದ ಬಂದ ಅಪ್ಪ ಅಂಗಿಯನ್ನೂ ಬಿಚ್ಚದೆ, 'ಇವನ್ನ ಈಗಿಂದೀಗ ವಾಪಸ್ ಕಳಸು. ಮಂದಿ ಬಾಯಿಗೆ ಕಾಳು ಹಾಕಬ್ಯಾಡ' ಎಂದರು. ಅವ್ವ ಸಂಜೆಯ ಬಸ್ಸಿಗೇ ಹೋಗಿ ಬಿಟ್ಟು ಬಂದಳು. ಅಕ್ಕಪಕ್ಕದವರು ಯಾವ ಮಾತನ್ನು ಆಡಬಾರದೆಂದು ಅಪ್ಪ ಜೀವಮಾನವಿಡೀ ಅಂಗಳವನ್ನು ಅಷ್ಟು ಬೋಳಾಗಿ ಇಟ್ಟುಕೊಂಡರೋ, ಅದೇ ಮಾತನ್ನು ಕಾಕು ನನ್ನನ್ನು ಬೀಳ್ಕೊಡಲು ಹೊರಗೆ ಬಂದು ಎಷ್ಟು ಪ್ರೀತಿಯಿಂದ ಆಡಿದರು ನೋಡಿ. ನಾನು ಕೋಳಿ ಸಾಕುವುದನ್ನು ಕಲಿತದ್ದು ನಿವೃತ್ತಿಯ ನಂತರ, ಮೊಬೈಲಿನ ವಿಡಿಯೋ ನೋಡಿ. ನನಗಿದ್ದ ರೂಢಿ ಒಂದೇ, ಇಂಥ ಮಾತು ಕೇಳಿ ಸುಮ್ಮನಿರುವುದು. ಅಂದೂ ಸುಮ್ಮನೇ ಮನೆಗೆ ಬಂದೆ. ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅವ್ವನ ತವರೂರು ಮುಗದದಲ್ಲಿ ನನ್ನ ಸೋದರಮಾವನ ಮಗನಿದ್ದಾನೆ. ಫೋನು ಮಾಡಿದೆ. 'ಕಳಸಬೇ ಅಕ್ಕಾ, ಇಟಗೊಂತೇನಿ' ಎಂದ ಉತ್ಸಾಹದಲ್ಲೇ ನನಗೆ ಅಪಾಯ ಕಂಡಿತು. ಮುಗದದಲ್ಲಿ ಹುಂಜನ ಆಯುಷ್ಯ ಬೀಗರು ಬರುವವರೆಗೆ. ಬೀಗರು ಬಂದರೆ ಮನೆಯಲ್ಲಿ ಇದ್ದುದರಲ್ಲಿ ಚೆಂದದ್ದನ್ನೇ ಕೊಯ್ಯಬೇಕು, ಮತ್ತು ಸುಭೇದಾರನಿಗಿಂತ ಚೆಂದದವನು ಆ ಊರಿನಲ್ಲಿ ಸಿಗುವುದಿಲ್ಲ. ಆ ವಾರವೆಲ್ಲ ನಾನು ಅವನಿಗೆ ಕಾಳು ಹಾಕುವಾಗ ಮುಖ ನೋಡಲಿಲ್ಲ. ಶುಕ್ರವಾರ ಗೋಡೆಯ ಮೇಲೆ ಡಬ್ಬಿ ಬಂದು ಕೂತಿತು, ಒಳಗೆ ಅವಲಕ್ಕಿ ಚೂಡಾ.

ಶನಿವಾರ ಬೆಳಿಗ್ಗೆ ಡಬ್ಬಿಯಲ್ಲಿ ತತ್ತಿ ತುಂಬಿದೆ. ಗೋಡೆಯ ಕಡೆ ಹೋಗಲಿಲ್ಲ. ಇಸ್ತ್ರಿ ಮಾಡಿದ ಸೀರೆಯುಟ್ಟು, ಕಾಲೇಜಿಗೆ ಹೋಗುತ್ತಿದ್ದ ಠೀವಿಯಲ್ಲಿ, ಡಬ್ಬಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು, ನನ್ನ ಗೇಟಿನಿಂದ ಹೊರಬಿದ್ದು ಅವರ ಗೇಟಿನಿಂದ ಒಳಹೊಕ್ಕು ಗಂಟೆ ಒತ್ತಿದೆ. ವಾಯುವಿಹಾರಕ್ಕೆ ಹೊರಟಿದ್ದ ಸಂಘದ ಸದಸ್ಯರು ರಸ್ತೆಯಲ್ಲೇ ಇದ್ದರು. ಬಾಗಿಲು ತೆರೆದ ಕಾಕು ಡಬ್ಬಿ ನೋಡಿದರು, ರಸ್ತೆ ನೋಡಿದರು, ಮತ್ತೆ ಡಬ್ಬಿ ನೋಡಿದರು.

'ಇದ್ಯಾಕ್ರಿ ಈ ಕಡೆ?' ಎಂದು ಪಿಸುಗುಟ್ಟಿದರು.

'ಡಬ್ಬಿ ನಿಮ್ಮದರಿ ಕಾಕು. ಬಾಗಿಲಾನೂ ನಿಮ್ಮದ' ಎಂದೆ.

ಅವರು ಇನ್ನೇನೋ ಹೇಳುವಷ್ಟರಲ್ಲಿ, ಕಿಟಕಿಯಿಂದ ಡಬ್ಬಿ ಕಂಡಿತ್ತೇನೋ, ಒಳಗಿನಿಂದ ಕಾಕಾ ಅವರ ಕಂಠ, ತಂಬೂರಿಯನ್ನೂ ಮೀರಿಸಿ, ಇಡೀ ಕೇಶ್ವಾಪುರವನ್ನು ಉದ್ದೇಶಿಸಿದಂತೆ ಹೊರಟಿತು: 'ಯಾರವರು? ತತ್ತಿ ಬಂದ್ವೇನ? ನಿನ್ನೀದು ಬೆಂದಿದ್ದಿಲ್ಲ ನೋಡು, ಇವತ್ತರೆ ಛಲೋತ್ನ್ಯಾಗಿ ಕುದಸು.'

ರಸ್ತೆಯಲ್ಲಿ ಕಾಲಸಪ್ಪಳ ನಿಂತಿತು. ಕಾಕು ಅವರ ಮುಖ ಕೆಂಪಾಯಿತು. ಡಬ್ಬಿಯನ್ನು ಕಸಿದಂತೆ ತೆಗೆದುಕೊಂಡು ಬಾಗಿಲು ಹಾಕಿದರು. ನನಗೆ ಗೆದ್ದೆ ಎನ್ನಿಸಲಿಲ್ಲ. ಮರುದಿನ ಭಾನುವಾರ. ಸಭೆ ಸೇರಿತು, ಬೀದಿದೀಪದ ಮಾತಾಯಿತು, ನಲ್ಲಿನೀರಿನ ಮಾತಾಯಿತು, ಹುಂಜನ ಮಾತನ್ನು ಯಾರೂ ಎತ್ತಲಿಲ್ಲ. ಮುಗದಕ್ಕೆ ಫೋನು ಮಾಡಿ ಬೇಡವೆಂದೆ. ಸುಭೇದಾರ ಸೋಮವಾರವೂ ನುಗ್ಗೆಗಿಡದ ಕೆಳಗೆ ನಿಂತು, ಯಾವ ಸುರಕ್ಕೂ ಹತ್ತದ ಹಾಗೆ ಕೂಗಿದ.

ಇವತ್ತು ಬೆಳಿಗ್ಗೆ ನೋಡುತ್ತೇನೆ, ಡಬ್ಬಿ ಮತ್ತೆ ಹಿಂದಿನ ಗೋಡೆಯ ಮೇಲಿದೆ. ಮುಚ್ಚಳ ತೆಗೆದೆ. ಚಕ್ಕುಲಿ ಇಲ್ಲ, ಚೂಡಾ ಇಲ್ಲ, ಒಂದು ಹರಳು ಸಕ್ಕರೆಯೂ ಇಲ್ಲ. ತೊಳೆದು ಒರೆಸಿದ ಖಾಲಿ ಡಬ್ಬಿ. ಸಿಟ್ಟು ಅವರಿಗೂ ಇದೆ, ತತ್ತಿಯೂ ಬೇಕಾಗಿದೆ. ಅದನ್ನು ತಂದು ಕಟ್ಟೆಯ ಮೇಲಿಟ್ಟುಕೊಂಡು, ಇದನ್ನು ಬರೆಯುವಷ್ಟು ಹೊತ್ತು ಕುದಿಯುತ್ತ ಕೂತಿದ್ದೇನೆ. ಈಗ ಎದ್ದು ಹೋಗಿ ಬುಟ್ಟಿಯಿಂದ ತತ್ತಿ ಆರಿಸಿ ತರುತ್ತೇನೆ, ಹುಂಜನಿರುವ ಹಿತ್ತಲಿನ ಜೀವವುಳ್ಳ ತತ್ತಿ. ಡಬ್ಬಿ ತುಂಬಿಸಿ, ಮುಂದಿನ ಗೇಟಿನಿಂದಲೇ ಒಯ್ದು ಕೊಟ್ಟು ಬರುತ್ತೇನೆ. ಬಂದ ಡಬ್ಬಿಯನ್ನು ಖಾಲಿ ಕಳಿಸುವುದು ನಮ್ಮಲ್ಲಿ ರೂಢಿ ಇಲ್ಲ.